ಚರ್ಚ್ ಬೀದಿಯ ಹ್ಯಾಟುಗಳು

1908 ಅಕ್ಟೋಬರ್ 4, ಭಾನುವಾರ. ನಾರ್ಫೋಕ್, ಅಮೆರಿಕ

ಇವತ್ತು ನನ್ನ ಹ್ಯಾಟು ಒಂದು ಚರ್ಚಿಗೆ ಹೋಯಿತು, ನಾನು ಇನ್ನೊಂದಕ್ಕೆ ಹೋದೆ. ಬಿಳಿಯರ ದೊಡ್ಡ ಚರ್ಚಿನ ಮುಂದೆ ಟ್ರಾಮು ನಿಂತಾಗ ಕಪ್ಪು ಜನರಿಗಿಟ್ಟ ಹಿಂದಿನ ಸೀಟಿನಿಂದ ಕತ್ತು ಚಾಚಿ ನೋಡಿದೆ. ಮೆಟ್ಟಿಲ ಮೇಲೆ ಯಾರೋ ಶ್ರೀಮಂತರ ಮನೆಯ ಹೆಂಗಸು, ಅವಳ ತಲೆಯ ಮೇಲೆ ನಾನು ಕಟ್ಟಿದ ನೀಲಿ ವೆಲ್ವೆಟ್ ಹ್ಯಾಟು. ಅಂಚು ಎಡಕ್ಕೆ ಎಷ್ಟು ಬಾಗಬೇಕೋ ಅಷ್ಟೇ ಬಾಗಿತ್ತು. ಸಮುದ್ರದ ಗಾಳಿಗೆ ಗರಿ ಅಲುಗಿತು, ಹ್ಯಾಟು ಅಲುಗಲಿಲ್ಲ. ಪ್ಯಾರಿಸ್ಸಿನ ಮಾಲು ಎಂದು ಹೇಳಿ ಅವಳಿಗೆ ಮಾರಿದ್ದಾರೆ. ಹೇಳಿಕೊಳ್ಳಲಿ. ಪ್ಯಾರಿಸ್ಸಿನವರಿಗೂ ಅಂಥ ಹೊಲಿಗೆ ಬರುತ್ತದೋ ಇಲ್ಲವೋ.

ಗ್ರಾನ್‌ಬಿ ಬೀದಿಯ ಮಿಸೆಸ್ ಹಾರ್ಟ್‌ವೆಲ್ ಅವರ ಅಂಗಡಿಗಿಂತ ಚೆಂದದ ಹ್ಯಾಟಿನಂಗಡಿ ಈ ಊರಿನಲ್ಲಿಲ್ಲ. ಗೋಡೆಯಷ್ಟಗಲದ ಗಾಜಿನ ಕಿಟಕಿ, ಕತ್ತಲಾದರೆ ವಿದ್ಯುದ್ದೀಪ. ನನ್ನ ಮೇಜು ಪರದೆಯ ಹಿಂದೆ. ಮುಂದಕ್ಕೆ ಬರುವ ಹಾಗಿಲ್ಲ, ನಿಜ. ಆದರೆ ಆ ಕಿಟಕಿಯಲ್ಲಿ ಕೂತಿರುವುದೆಲ್ಲ ನನ್ನ ಕೈಯಲ್ಲಿ ಹುಟ್ಟಿದ್ದು. ಇಡೀ ಊರು ನಿಂತು ನೋಡುತ್ತದೆ.

ಪ್ರಾರ್ಥನೆ ಮುಗಿದ ಮೇಲೆ ಮಿಸೆಸ್ ಮಿನರ್ವಾ ಗ್ಯಾಸ್ಕಿನ್ಸ್ ದಾರಿಗೆ ಅಡ್ಡ ನಿಂತರು. ಒಂದು ಕಾಲಕ್ಕೆ ಶಾಲೆಯ ಮೇಡಂ. ಈಗ ನಮ್ಮ ಜನರ ಸಹೋದರಿಯರ ಸಂಘಕ್ಕೆ ಅಧ್ಯಕ್ಷೆ. ಆಳು ದಪ್ಪ, ದನಿ ಇನ್ನೂ ದಪ್ಪ.

"ಮಿಸ್ ಬಾಯ್ಕಿನ್, ಚರ್ಚ್ ಬೀದಿಯಲ್ಲಿ ನಮ್ಮ ಸಂಘದ ದೊಡ್ಡಂಗಡಿ ಶುರುವಾಗ್ತಿದೆ. ಬಟ್ಟೆ, ಬೂಟು, ಪಾತ್ರೆ, ಎಲ್ಲಾ. ಮಾಲೀಕರೂ ನಮ್ಮವರೇ, ಗಿರಾಕಿಗಳೂ ನಮ್ಮವರೇ. ಹ್ಯಾಟಿನ ವಿಭಾಗ ನೀವು ನೋಡ್ಕೋಬೇಕು."

"ಅಲ್ಲಿ ಹ್ಯಾಟು ಯಾರು ಕೊಳ್ತಾರೆ ಮಿಸೆಸ್ ಗ್ಯಾಸ್ಕಿನ್ಸ್? ಕಾರ್ಖಾನೆಯಲ್ಲಿ ಚಿಪ್ಪಿನಿಂದ ಸಿಂಪಿ ಬಿಡಿಸೋ ಹೆಂಗಸರಾ?"

"ಅವರಿಗೂ ತಲೆ ಇದೆಯಲ್ಲ" ಎಂದರು.

ನಕ್ಕು ಬಂದೆ. ಮನೆಯಲ್ಲಿ ಕೆಜಾಯ ದೊಡ್ಡಮ್ಮನಿಗೆ ಹೇಳಿದರೆ ಅವಳೂ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಸಿಹಿಗೆಣಸು ಸುಲಿಯುತ್ತ, "ನಿಂಗೆ ತಿಳಿದಂಗೆ ಮಾಡು ಪಾರ್ಥೇನಿಯಾ" ಎಂದಳು. ಅವಳು ಹಾಗೆನ್ನುವುದು ನನಗೆ ಏನೂ ತಿಳಿದಿಲ್ಲ ಎಂದು ಅನಿಸಿದಾಗ ಮಾತ್ರ.

ಅಕ್ಟೋಬರ್ 17, ಶನಿವಾರ

ಕೆಲಸ ಬಿಟ್ಟು ಬಂದೆ. ಕಾರಣ ಸಣ್ಣದು. ನಾಳೆ ಯಾರಾದರೂ ದೊಡ್ಡದು ಮಾಡಿ ಹೇಳುವ ಮೊದಲು ನಾನೇ ಬರೆದಿಡುತ್ತೇನೆ.

ಮಧ್ಯಾಹ್ನ ಸಿಂಪಿ ಕಾರ್ಖಾನೆಯ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಪರದೆಯ ಸಂದಿಯಿಂದ ಕಂಡಳು: ಎತ್ತರದ ಆಳು, ಬೆರಳುಗಳ ತುಂಬ ಚಿಪ್ಪು ಕೊರೆದ ಗಾಯದ ಗೆರೆ. ನಾನು ಮಾಡಿದ ಕಂದು ಹ್ಯಾಟಿನ ಕಡೆ ಕೈ ತೋರಿಸಿ, "ಒಂದ್ಸಲ ಇಟ್ಕೊಂಡು ನೋಡ್ಲಾ?" ಎಂದು ಕೇಳಿದಳು. ಮಾರುವ ಹುಡುಗಿ, "ದುಡ್ಡು ಕೊಟ್ಟಮೇಲೆ ನಿನ್ನ ಮನೇಲಿ ನೋಡ್ಕೋ" ಎಂದಳು. ಕಪ್ಪು ತಲೆಯ ಮೇಲೆ ಇಟ್ಟ ಹ್ಯಾಟನ್ನು ಇನ್ನೊಬ್ಬರು ಕೊಳ್ಳುವುದಿಲ್ಲ ಎಂಬುದು ಆ ಬೀದಿಯ ಪದ್ಧತಿ. ಅವಳು ಕೊಂಡಳು. ಕೊಂಡು, ಅಲ್ಲೇ ನಿಂತು ತಲೆಗಿಟ್ಟಳು. ಹಿಂದುಮುಂದಾಗಿ.

ನನಗೆ ತಡೆಯಲಾಗಲಿಲ್ಲ. ಆ ಹ್ಯಾಟಿನ ಮುಂಭಾಗ ಅವಳ ಕುತ್ತಿಗೆಯ ಮೇಲೆ ಬಿದ್ದಿತ್ತು! ಪರದೆ ಸರಿಸಿ ಹೊರಗೆ ಬಂದೆ. ಅವಳ ಭುಜ ಹಿಡಿದು ದೊಡ್ಡ ಕನ್ನಡಿಯ ಮುಂದೆ ನಿಲ್ಲಿಸಿ, ಹ್ಯಾಟು ತಿರುಗಿಸಿ, ಪಿನ್ನು ಚುಚ್ಚಿ ಸರಿಮಾಡಿದೆ. ಚೆನ್ನಾಗಿ ಕೂತಿತು. ಅಂಗಡಿಯಲ್ಲಿದ್ದ ಬಿಳಿ ಹೆಂಗಸರು ಮಾತು ನಿಲ್ಲಿಸಿದ್ದರು.

ಅವಳು ಹೋದ ಮೇಲೆ ಮಿಸೆಸ್ ಹಾರ್ಟ್‌ವೆಲ್ ನನ್ನ ಕೈಗೊಂದು ಬಟ್ಟೆ ಕೊಟ್ಟರು. "ಪಾರ್ಥಿ, ಆ ಕನ್ನಡಿ ಒರೆಸು. ಚೆನ್ನಾಗಿ ಒರೆಸು."

ಅವಳು ಕನ್ನಡಿಯನ್ನು ಮುಟ್ಟಿರಲೇ ಇಲ್ಲ. ಬರೀ ಅದರೊಳಗೆ ಕಂಡಿದ್ದಳು.

ಬಟ್ಟೆಯನ್ನು ಮೇಜಿನ ಮೇಲಿಟ್ಟೆ. ನನ್ನ ಕತ್ತರಿ ಚೀಲಕ್ಕೆ ಹಾಕಿಕೊಂಡು ಮುಂಬಾಗಿಲಿನಿಂದ ಹೊರಬಂದೆ. ಕನ್ನಡಿ ಒರೆಸುವುದು ನನ್ನ ಕೆಲಸವಲ್ಲ, ನಾನು ಹ್ಯಾಟು ಕಟ್ಟುವವಳು. ವಿಷಯ ಇಷ್ಟೇ. ಆ ಹೆಂಗಸಿಗೂ ಇದಕ್ಕೂ ಸಂಬಂಧವಿಲ್ಲ.

ಅಕ್ಟೋಬರ್ 18

ಮಿಸೆಸ್ ಗ್ಯಾಸ್ಕಿನ್ಸ್ ಅವರಿಗೆ ಆಗಲಿ ಎಂದೆ. ಇನ್ನೊಂದು ಒಳ್ಳೆಯ ಕೆಲಸ ಸಿಗುವವರೆಗೆ ಮಾತ್ರ.

ನವೆಂಬರ್ 2, ಸೋಮವಾರ

ದೊಡ್ಡಂಗಡಿಯ ಮೊದಲ ದಿನ. ಬಾಗಿಲು ತೆಗೆಯುವ ಮೊದಲು ಮಿಸೆಸ್ ಗ್ಯಾಸ್ಕಿನ್ಸ್ ನಮ್ಮನ್ನೆಲ್ಲ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿದರು.

"ಇಲ್ಲಿಗೆ ಬರೋ ಪ್ರತಿಯೊಬ್ಬಳೂ ಮಿಸ್ ಅಥವಾ ಮಿಸೆಸ್. ಬಟ್ಟೆ ಒಗೆಯೋಳಾಗಲಿ, ಮೀನು ಮಾರೋಳಾಗಲಿ, ಬಹುವಚನ. ಹ್ಯಾಟು ಯಾರು ಬೇಕಾದರೂ ಹಾಕಿ ನೋಡಬಹುದು. ಕೊಳ್ಳದಿದ್ದರೆ, ಮತ್ತೆ ಬನ್ನಿ ಅನ್ನಬೇಕು. ಮುಖ ಗಂಟಿಕ್ಕಿದೋರು ಮನೆಗೆ ಹೋಗಬಹುದು."

ಕೊನೆಯ ಮಾತು ನನ್ನನ್ನು ನೋಡಿ ಹೇಳಿದ್ದು.

ಬಂದವರೆಲ್ಲ ಹಾಕಿ ನೋಡಿದರು, ಕೊಂಡವರು ಕಡಿಮೆ. ಕನ್ನಡಿಯ ಮುಂದೆ ಸಾಲು ಬಾಗಿಲಿನವರೆಗೆ ಬೆಳೆಯಿತು. ನನ್ನ ವೆಲ್ವೆಟ್ಟಿಗೆಲ್ಲ ಉಪ್ಪುನೀರು, ಸೋಪು, ಹೊಗೆಸೊಪ್ಪಿನ ವಾಸನೆ. ಒಬ್ಬ ಮುದುಕಿಗೆ ಹಿಂದಿನಿಂದಲೂ ಕಾಣಲಿ ಎಂದು ಕೈಗನ್ನಡಿ ಹಿಡಿದೆ. ಅವಳು ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ, "ನನ್ನ ಬೆನ್ನು ಇಷ್ಟು ನೆಟ್ಟಗಿದೆ ಅಂತ ಗೊತ್ತೇ ಇರ್ಲಿಲ್ಲ ಕಣವ್ವ" ಎಂದು ಹ್ಯಾಟು ತೆಗೆದು ಕೊಟ್ಟು ಹೋದಳು.

ಮತ್ತೆ ಬನ್ನಿ ಎನ್ನಲು ಮರೆತೆ. ಕಾಲು ನೋಯುತ್ತಿದೆ.

ನವೆಂಬರ್ 20, ಶುಕ್ರವಾರ

ಅವಳು ಬಂದಿದ್ದಳು. ಗ್ರಾನ್‌ಬಿ ಬೀದಿಯ ಆ ಎತ್ತರದ ಆಳು, ಹೆಸರು ರಾಕ್ಸಾನಾ ಸಿವಿಲ್ಸ್. ಜೊತೆಗೆ ಕಾರ್ಖಾನೆಯ ಗೆಳತಿಯರ ಗುಂಪು. ಅದೇ ಕಂದು ಹ್ಯಾಟು, ಈ ಸಲ ಸರಿಯಾಗಿ ಇಟ್ಟುಕೊಂಡಿದ್ದಳು.

"ನೋಡ್ರೇ, ಇವ್ರೇ ಮಿಸ್ ಗ್ರಾನ್‌ಬಿ! ನನ್ನ ಭುಜ ಹಿಡ್ದು ಗರಗರ ತಿರುಗ್ಸಿದೋರು. ನನ್ನ ಗಂಡ ಕೂಡ ಹಂಗೆ ತಿರುಗ್ಸಿಲ್ಲ."

ಎಲ್ಲರೂ ನಕ್ಕರು. "ಹ್ಯಾಟು ಮುಟ್ಟೋ ಮೊದಲು ಕೈ ತೊಳ್ಕೊಂಡು ಬನ್ನಿ, ಮಿಸೆಸ್ ಸಿವಿಲ್ಸ್" ಎಂದೆ. ಬಹುವಚನದಲ್ಲೇ.

"ತೊಳ್ದೇ ಬಂದಿದೀನಿ ತಾಯಿ. ಈ ವಾಸ್ನೆ ಹೋಗ್ಬೇಕಾದ್ರೆ ಕೈಯನ್ನೇ ಬಿಚ್ಚಿಟ್ಟು ಬರ್ಬೇಕು. ಬಿಚ್ಚಿಟ್ರೆ ನಾಳೆ ಕೆಲ್ಸಕ್ಕೆ ಏನ್ ತಗೊಂಡು ಹೋಗ್ಲಿ?"

ಒರಟು ಹೆಂಗಸು. ಆದರೆ ಅವಳ ಗುಂಪಿನವರು ಐದು ಹ್ಯಾಟು ಕೊಂಡರು. ಒಬ್ಬೊಬ್ಬರ ಮುಖಕ್ಕೂ ಹೊಂದುವಂತೆ ಅಂಚು ತಿದ್ದಿಕೊಟ್ಟೆ. ಗುಂಪಿನ ಗಿಡ್ಡ ಹುಡುಗಿ ಇಡಾಳಿಗೆ ಅಗಲ ಅಂಚು ಬೇಡವೇ ಬೇಡ ಎಂದು ಹಟ ಹಿಡಿದೆ. ಅವಳು ಅತ್ತಳು, ಆಮೇಲೆ ಕನ್ನಡಿ ನೋಡಿ ಒಪ್ಪಿದಳು.

ಡಿಸೆಂಬರ್ 24

ಕಪಾಟು ಖಾಲಿ. ಒಂದು ರಿಬ್ಬನ್ನೂ ಉಳಿದಿಲ್ಲ. ಮಿಸೆಸ್ ಗ್ಯಾಸ್ಕಿನ್ಸ್ ಎಲ್ಲರ ಮುಂದೆ ನನ್ನ ಕೆನ್ನೆಗೆ ಮುತ್ತು ಕೊಟ್ಟರು. ನನಗೆ ಅಂಥದ್ದೆಲ್ಲ ಹಿಡಿಸುವುದಿಲ್ಲ. ಅಂಗಡಿಯಿಂದ ಮನೆಯವರೆಗೆ ನಡೆದೇ ಬಂದೆ, ಟ್ರಾಮು ಬೇಕೆನಿಸಲಿಲ್ಲ.

1909 ಫೆಬ್ರವರಿ 8, ಸೋಮವಾರ

ಬಾಲ್ಟಿಮೋರಿನ ಸ್ಟೀಮರು ಬಂತು, ನಮ್ಮ ಪೆಟ್ಟಿಗೆಗಳು ಬರಲಿಲ್ಲ. ಈಸ್ಟರ್ ಹಬ್ಬಕ್ಕೆ ಬೇಕಾದ ಹುಲ್ಲಿನ ಬುಟ್ಟಿಗಳು, ಅಂದರೆ ಅಲಂಕಾರವಿಲ್ಲದ ಬರಿಯ ಹ್ಯಾಟುಗಳು, ರಿಬ್ಬನ್ನು, ಹೂವು, ಯಾವುದೂ ಇಲ್ಲ. ಸಗಟು ವ್ಯಾಪಾರಿಯ ಏಜೆಂಟು ಮಾತ್ರ ಇಳಿದು ಬಂದ. ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತು ಹೇಳಿದ: "ಗ್ರಾನ್‌ಬಿ ಬೀದಿಯ ವರ್ತಕರೆಲ್ಲ ಸೇರಿ ಹೇಳಿಬಿಟ್ಟಿದಾರೆ. ನಿಮಗೆ ಮಾಲು ಕೊಟ್ಟರೆ ಅವರು ನನ್ನ ಹತ್ತಿರ ಕೊಳ್ಳಲ್ಲವಂತೆ. ನಾನೇನು ಮಾಡಲಿ?"

"ಹೋದ ತಿಂಗಳು ನಮ್ಮ ಕಟ್ಟಡ ಕೊಳ್ಳೋಕೆ ಬಂದಿದ್ದೋರು ಅವರೇ. ಕೊಡಲ್ಲ ಅಂದೆ. ಅದಕ್ಕೆ ಇದು" ಎಂದರು ಮಿಸೆಸ್ ಗ್ಯಾಸ್ಕಿನ್ಸ್. ಅವರ ದನಿ ಅಷ್ಟು ತಗ್ಗಿದ್ದನ್ನು ಇವತ್ತೇ ಕೇಳಿದ್ದು.

ಬಟ್ಟೆಯ ವಿಭಾಗಕ್ಕೂ ಇದೇ ಗತಿ, ಬೂಟಿಗೂ ಇದೇ. ಹ್ಯಾಟಿನ ವರ್ಷ ನಿಲ್ಲುವುದೇ ಈಸ್ಟರ್ ಮೇಲೆ. ಈಸ್ಟರ್ ತಪ್ಪಿದರೆ ಬಾಗಿಲು ಹಾಕಿದ ಹಾಗೆಯೇ.

ಫೆಬ್ರವರಿ 11

ಏನೂ ಬರಲಿಲ್ಲ.

ಫೆಬ್ರವರಿ 16, ಮಂಗಳವಾರ

ಮಿಸೆಸ್ ಹಾರ್ಟ್‌ವೆಲ್ ಅವರ ಮೋಟಾರು ಚರ್ಚ್ ಬೀದಿಯಲ್ಲಿ! ನಮ್ಮ ಅಂಗಡಿಯ ಮುಂದೆಯೇ ನಿಂತಿತು. ಅವರು ಒಳಗೆ ಬಂದು ಖಾಲಿ ಕಪಾಟುಗಳನ್ನು ನೋಡಿ, ಕೈಗವಸು ಬಿಚ್ಚದೆ ಮಾತಾಡಿದರು.

"ಪಾರ್ಥಿ, ಈ ಹುಚ್ಚಾಟ ಸಾಕು. ಈಸ್ಟರ್ ಹತ್ತಿರ ಬಂತು. ನಿನ್ನ ಮೇಜು ಹಾಗೇ ಇದೆ. ಸಂಬಳ ಹೆಚ್ಚಿಗೆ ಕೊಡ್ತೀನಿ. ಕೈಕೆಳಗೆ ಇಬ್ಬರು ಹುಡುಗಿಯರು."

ಸುಳ್ಳು ಏಕೆ ಬರೆಯಲಿ, ಮನಸ್ಸು ಜಾರಿತು. ಆ ಮೇಜಿನ ಮೇಲಿನ ಬೆಳಕು ನೆನಪಾಯಿತು. ಅಲ್ಲಿನ ಫ್ರೆಂಚ್ ರೇಷ್ಮೆಯ ನುಣುಪು ಬೆರಳ ತುದಿಗೆ ಬಂತು. ಯೋಚಿಸಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ.

"ಮಿಸ್ ಬಾಯ್ಕಿನ್" ಎಂದೆ.

"ಏನು?"

"ನನ್ನ ಹೆಸರು. ಈ ಅಂಗಡಿಯಲ್ಲಿ ನನ್ನನ್ನ ಮಿಸ್ ಬಾಯ್ಕಿನ್ ಅಂತಾರೆ."

ಅವರು ಬಾಗಿಲ ಕಡೆ ತಿರುಗಿದರು. ಆ ಎರಡು ಮಾತು ಹೇಳಿದ್ದರೆ ನಾನು ಹೋಗುತ್ತಿದ್ದೆನೋ ಏನೋ, ಗೊತ್ತಿಲ್ಲ. ಅವರು ಹೇಳಲಿಲ್ಲ. ಮೋಟಾರು ಹೊಗೆ ಬಿಟ್ಟು ಹೋಯಿತು.

ರಾಕ್ಸಾನಾ ಬಾಗಿಲಲ್ಲಿದ್ದಳು. ಎಲ್ಲ ಕೇಳಿಸಿಕೊಂಡಿರಬೇಕು. ಈ ಸಲ ಮಿಸ್ ಗ್ರಾನ್‌ಬಿ ಎನ್ನಲಿಲ್ಲ. ಒಂದು ಡಬ್ಬಿ ತುಂಬ ಸಿಂಪಿ ಕೊಟ್ಟು, "ಹಾಲಲ್ಲಿ ಬೇಯ್ಸಿ, ಮೆಣಸು ಜಾಸ್ತಿ ಹಾಕಿ" ಎಂದು ಹೋದಳು. ಬೇಯಿಸಿದೆ. ಚೆನ್ನಾಗಿತ್ತು.

ಫೆಬ್ರವರಿ 21, ಭಾನುವಾರ

ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ. ಇಷ್ಟು ಹೆಂಗಸರು ಸೇರುತ್ತಾರೆ ಎಂದುಕೊಂಡಿರಲಿಲ್ಲ. ಅಂಗಡಿ ಮುಚ್ಚುವುದು ಹೇಗೆ ಎಂದು ಮಾತಾಡಲು ಕರೆದಿದ್ದ ಸಭೆ ಅದು. ಮಿಸೆಸ್ ಗ್ಯಾಸ್ಕಿನ್ಸ್ ಎಲ್ಲ ವಿವರಿಸಿ ಕೂತರು.

ರಾಕ್ಸಾನಾ ಎದ್ದಳು. "ಮಿಸ್ ಬಾಯ್ಕಿನ್, ಒಂದ್ ಹ್ಯಾಟಿಗೆ ಏನೇನ್ ಬೇಕು? ನಂಗೆ ಸಿಂಪಿ ಬಿಟ್ರೆ ಬೇರೇನೂ ಗೊತ್ತಿಲ್ಲ, ಬಿಡಿಸಿ ಹೇಳಿ."

ಹೇಳಿದೆ. ಒಳಗಿನ ರೇಷ್ಮೆಯನ್ನು ಹಳೆಯ ಲಂಗಗಳಿಂದ ತೆಗೆಯಬಹುದು. ಹೂವನ್ನು ಬಟ್ಟೆಯ ಚೂರಿನಲ್ಲಿ ನಾನೇ ಮಾಡಬಲ್ಲೆ. ಗರಿಗೆ ಕೋಳಿಗಳಿವೆ. "ಆದರೆ ಬುಟ್ಟಿಯಿಲ್ಲದೆ ಹ್ಯಾಟಿಲ್ಲ. ಇಟಲಿಯಿಂದ ಬರೋ ಹುಲ್ಲಿನ ಹೆಣಿಗೆ ಬೇಕು. ಅದು ಬಾಲ್ಟಿಮೋರಿನವರ ಕೈಲಿದೆ."

ಹಿಂದಿನ ಸಾಲಿನಿಂದ ಯಾರೋ, "ಹಿಂದೆಲ್ಲ ಮೆಕ್ಕೆಜೋಳದ ಸಿಪ್ಪೆಯಲ್ಲಿ ಹೆಣೀತಿದ್ರಲ್ಲ" ಎಂದರು.

ಸಭೆಯ ಗಾಳಿಯೇ ಬದಲಾಯಿತು. ಸಿಪ್ಪೆಯ ಹ್ಯಾಟು ಎಂದರೆ ಗುಲಾಮಗಿರಿಯ ಕಾಲದ್ದು, ಹೊಲದಲ್ಲಿ ಬಿಸಿಲಿಗೆ ಹಾಕಿಕೊಳ್ಳುತ್ತಿದ್ದದ್ದು. ಅದನ್ನು ಈಸ್ಟರಿಗೆ ಯಾರು ಇಟ್ಟುಕೊಳ್ಳುತ್ತಾರೆ? ನಾನೇ ಮೊದಲು ಛೀ ಎಂದೆ.

ದೊಡ್ಡಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು, ಕೈಗಳನ್ನು ಶಾಲಿನೊಳಗೆ ಮುಚ್ಚಿಕೊಂಡು. ಆ ಕೈಗಳಿಗೆ ಹೆಣಿಗೆ ಗೊತ್ತು ಎಂದು ನನಗೆ ಗೊತ್ತಿತ್ತು.

ಫೆಬ್ರವರಿ 23

ಬೇರೆ ದಾರಿ ಕಾಣದೆ, ಸಿಪ್ಪೆ ಹೆಣೆದು ಕೊಡುತ್ತೀಯಾ ಎಂದು ಇವತ್ತು ಬೆಳಗಿನ ತಿಂಡಿಯ ಹೊತ್ತಿಗೆ ಕೇಳಿಯೇ ಬಿಟ್ಟೆ. ದೊಡ್ಡಮ್ಮ ಬಾಣಲೆಯನ್ನು ಒಲೆಯಿಂದ ಇಳಿಸಿದಳು.

"ನಾನು ಎಂಟು ವರ್ಷದೋಳಿದ್ದಾಗ್ನಿಂದ ಹೆಣ್ದೆ. ಯಜಮಾನನಿಗೆ, ಅವನ ಹೆಂಡ್ತಿಗೆ, ಅವನ ಹೊಲದ ಆಳುಗಳಿಗೆ. ಬೆರಳು ಒಡ್ದು ರಕ್ತ ಬಂದ್ರೆ ಸಿಪ್ಪೆ ಕೆಂಪಾಯ್ತು ಅಂತ ಹೊಡೀತಿದ್ರು. ಸ್ವಾತಂತ್ರ್ಯ ಬಂದ ದಿನ ಕೈಲಿದ್ದದ್ದನ್ನ ಒಲೆಗೆ ಹಾಕ್ದೆ. ಮತ್ತೆ ಮುಟ್ಟಲ್ಲ ಅಂದೆ, ಮುಟ್ಟಿಲ್ಲ. ನೀನು ಬೇರೆ ಏನಾದ್ರೂ ಕೇಳು."

ನಾನು ಬೇರೇನೂ ಕೇಳಲಿಲ್ಲ. ಕೋಟು ಹಾಕಿಕೊಂಡು ಅಂಗಡಿಗೆ ಹೋಗಿ ಖಾಲಿ ಕಪಾಟುಗಳ ಧೂಳು ಹೊಡೆದೆ.

ಸಂಜೆ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. "ಪಾರ್ಥೇನಿಯಾ, ಒಂದ್ ಮಾತು. ಅಷ್ಟು ವರ್ಷ ಹೆಣ್ದೆನಲ್ಲ, ನನ್ನ ತಲೆಗೆ ಅಂತ ಒಂದೂ ಹೆಣ್ಕೊಳ್ಳೋಕೆ ಬಿಟ್ಟಿರ್ಲಿಲ್ಲ."

"ಹೂಂ."

"ಮೊದಲ್ನೇದು ನಂದು. ಚೆನ್ನಾಗಿರೋ ಹೂವು ಅದಕ್ಕೇ ಹಾಕ್ಬೇಕು. ಉಳಿದದ್ದು ಬೇರೆಯೋರಿಗೆ."

"ಹೂಂ ದೊಡ್ಡಮ್ಮ."

"ಸಿಪ್ಪೆ ತರ್ಸು ಹಂಗಾದ್ರೆ."

ಮಾರ್ಚ್ 3, ಬುಧವಾರ

ರಾಕ್ಸಾನಾಳ ಅಣ್ಣ ಹಳ್ಳಿಯಿಂದ ಗಾಡಿ ತುಂಬ ಸಿಪ್ಪೆ ತಂದ. ಅದು ಸಾಲದೆ ಊರಿನ ಹೆಂಗಸರೆಲ್ಲ ಹಾಸಿಗೆಗೆ ಹೊಸದಾಗಿ ತುಂಬಲು ಎತ್ತಿಟ್ಟಿದ್ದ ಸಿಪ್ಪೆಯನ್ನು ತಂದು ಸುರಿದರು. ಈ ವಸಂತದಲ್ಲಿ ನಮ್ಮ ಗಂಡಸರೆಲ್ಲ ಹೋದ ವರ್ಷದ ಚಪ್ಪಟೆ ಹಾಸಿಗೆಯ ಮೇಲೇ ಮಲಗಬೇಕು.

"ನನ್ನ ಗಂಡ, ಬೆನ್ನು ನೋಯ್ತದೆ ಅಂದ" ಎಂದಳು ರಾಕ್ಸಾನಾ. "ಈಸ್ಟರ್ ದಿನ ನಿನ್ನ ಹೆಂಡ್ತೀನ ನೋಡಿ ಬೆನ್ನು ತಾನೇ ನೆಟ್ಟಗಾಗ್ತದೆ ಬಿಡು ಅಂದೆ."

ಅಂಗಡಿಯ ಮೇಲಿನ ಮಹಡಿಯಲ್ಲಿ ಕೆಲಸ. ಸಿಂಪಿ ಕಾರ್ಖಾನೆಯಿಂದ ಬಿಟ್ಟ ಹಾಗೇ ಎಲ್ಲರೂ ಬರುತ್ತಾರೆ. ದೊಡ್ಡಮ್ಮ ನಡುವೆ ಕೂತು ಹೆಣಿಗೆ ತೋರಿಸುತ್ತಾಳೆ. ಸಿಪ್ಪೆ ನೆನೆಸುವುದು, ಉಗುರಿನಿಂದ ಸೀಳುವುದು, ಜಡೆ ಹೆಣೆಯುವುದು. ಚಿಪ್ಪು ತೆರೆದು ಅಭ್ಯಾಸವಾದ ಕೈಗಳು, ಬೇಗ ಹಿಡಿದುಕೊಂಡವು. ಜಡೆಯನ್ನು ಸುತ್ತಿ ಹೊಲಿದು, ಬಣ್ಣ ತಿಳಿಯಾಗಲು ಗಂಧಕದ ಹೊಗೆ ಕೊಟ್ಟು, ಮರದ ಅಚ್ಚಿನ ಮೇಲೆ ಒತ್ತುವುದು ನನ್ನ ಪಾಲು. ಮೊದಲ ಮೂರು ಹಾಳಾದವು, ನೋಡಿದರೆ ಕೋಳಿಗೂಡಿನ ಹಾಗಿದ್ದವು. ಇಡಾ ಒಂದನ್ನು ತಲೆಗಿಟ್ಟು ಕೊಕ್ಕೋ ಎಂದು ಕೂಗಿದಳು. ನಾನೂ ನಕ್ಕೆ.

ಮಾರ್ಚ್ 19

ಆಯಿತು! ಹೊಗೆ ಕೊಟ್ಟಾಗ ಸಿಪ್ಪೆ ಬೆಣ್ಣೆಯ ಬಣ್ಣಕ್ಕೆ ತಿರುಗಿತು. ಒದ್ದೆ ಬಟ್ಟೆ ಮುಚ್ಚಿ ಇಸ್ತ್ರಿ ಒತ್ತಿದರೆ ಹೊಳಪು. ಇಟಲಿಯ ಹುಲ್ಲಿಗಿಂತ ಹಗುರ, ಅದಕ್ಕಿಂತ ಗಟ್ಟಿ. ಅಂಚಿಗೆ ನಾನು ಕೊಟ್ಟ ಬಾಗು ಮುರಿಯದೆ ನಿಂತಿತು. ಇಷ್ಟು ವರ್ಷ ನಾನು ಮಾಡಿದ್ದರಲ್ಲೆಲ್ಲ ಇದು ಮೇಲು. ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ, ಇದಕ್ಕಿಂತ ಒಳ್ಳೆಯ ಹ್ಯಾಟನ್ನು ನಾವು ಎಲ್ಲೂ ನೋಡಿಲ್ಲ.

ಏಪ್ರಿಲ್ 11, ಈಸ್ಟರ್ ಭಾನುವಾರ

ಬೆಳಿಗ್ಗೆ ದೊಡ್ಡಮ್ಮನಿಗೆ ಹ್ಯಾಟು ಇಟ್ಟು ಪಿನ್ನು ಚುಚ್ಚಿದೆ. ನೇರಳೆ ಹೂವಿನ ಗೊಂಚಲು, ಎಡಗಡೆ. ಅವಳು ಕೈಯೆತ್ತಿ ಅಂಚನ್ನು ಸುತ್ತಲೂ ಸವರಿಕೊಂಡಳು. ಬಾಗಿಲು ದಾಟುವಾಗ ಅಂಚು ತಾಗದಿರಲೆಂದು ತಲೆ ಬಗ್ಗಿಸಿದಳು. ಬಾಗಿಲು ಎಷ್ಟೋ ಎತ್ತರವಿತ್ತು!

ಚರ್ಚಿನಲ್ಲಿ ಪಾದ್ರಿ ಪೀಠ ಹತ್ತಿ, ಬೋಧನೆಯ ಮೊದಲ ಮಾತು ಮರೆತು ನಿಂತುಬಿಟ್ಟರು. ಕೆಳಗೆ ಬೆಂಚು ಬೆಂಚಿಗೂ ಬೆಣ್ಣೆಬಣ್ಣದ ಹ್ಯಾಟುಗಳು, ಒಂದರಂತೆ ಒಂದಿಲ್ಲ. "ಸಹೋದರಿಯರೇ, ಇವತ್ತು ನಾನು ಮಾತಾಡಬೇಕಾ, ಅಥವಾ ಸುಮ್ಮನೆ ನೋಡಲಾ?" ಎಂದರು. "ನೋಡಿ ಪಾದ್ರಿಗಳೇ, ನೋಡಿ!" ಎಂದು ರಾಕ್ಸಾನಾ ಕೂಗಿದಳು.

ಪ್ರಾರ್ಥನೆ ಮುಗಿದ ಮೇಲೆ ಮನೆಗೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಯಾರು ಮೊದಲು ಆ ಕಡೆ ತಿರುಗಿದರೋ ತಿಳಿಯದು, ಎಲ್ಲರೂ ಗ್ರಾನ್‌ಬಿ ಬೀದಿಗೆ ನಡೆದೆವು. ಬಿಳಿಯರೆಲ್ಲ ಹೊಸ ಬಟ್ಟೆಯಲ್ಲಿ ತಿರುಗಾಡುವ ಹೊತ್ತು. ಮೂಲೆಯಲ್ಲಿ ಪೊಲೀಸಿನವನು ಲಾಠಿ ಸರಿಮಾಡಿಕೊಂಡು ನಮ್ಮ ಕಡೆ ಬಂದ.

"ಎಲ್ಲಿಗೆ ಹೊರಟಿರಿ?"

ಮಿಸೆಸ್ ಗ್ಯಾಸ್ಕಿನ್ಸ್ ಶಾಲೆಯ ದನಿಯಲ್ಲಿ ಹೇಳಿದರು: "ಗಾಳಿ ಸೇವನೆಗೆ, ಆಫೀಸರ್. ಈಸ್ಟರ್ ಶುಭಾಶಯಗಳು."

ಅವನು ಇಡೀ ಸಾಲನ್ನು ಒಮ್ಮೆ ನೋಡಿದ. ಹಾಡಿಲ್ಲ, ಕೂಗಿಲ್ಲ, ಬಾವುಟವಿಲ್ಲ. ಹ್ಯಾಟು ಹಾಕಿದ ಹೆಂಗಸರು, ಅಷ್ಟೇ. ಏನೆಂದು ತಡೆಯುವುದು? ದಾರಿ ಬಿಟ್ಟ.

ಇಬ್ಬಿಬ್ಬರಾಗಿ ನಡೆದೆವು. ನನ್ನ ಜೊತೆ ರಾಕ್ಸಾನಾ. ಬಿಳಿ ಹೆಂಗಸರು ನಿಂತು ತಿರುಗಿ ನೋಡಿದರು, ಮೊದಲು ನಮ್ಮನ್ನು, ಆಮೇಲೆ ಹ್ಯಾಟುಗಳನ್ನು. ಎರಡನೆಯ ನೋಟ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ಅದು ಬೇಕು ಎನ್ನುವ ನೋಟ.

ಏಪ್ರಿಲ್ 14, ಬುಧವಾರ

ಮಿಸೆಸ್ ಹಾರ್ಟ್‌ವೆಲ್ ಮತ್ತೆ ಬಂದರು. ಈ ಸಲ ಯಾವ ಹೆಸರಿನಿಂದಲೂ ಕರೆಯಲಿಲ್ಲ. ನಾವು ಮಾಡುವಷ್ಟೂ ಹ್ಯಾಟನ್ನು ಅವರೇ ಕೊಳ್ಳುತ್ತಾರಂತೆ. ಷರತ್ತು ಒಂದೇ. ಒಳಗೆ ಅವರ ಅಂಗಡಿಯ ಚೀಟಿ, 'ಇಟಲಿಯ ಹೊಸ ಹುಲ್ಲು' ಎಂದು. ಎಲ್ಲಿಂದ ಬಂತೆಂದು ನಾವು ಬಾಯಿ ಬಿಡಬಾರದು.

ಮೇಲಿನ ಮಹಡಿಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದೆವು. ಮಿಸೆಸ್ ಗ್ಯಾಸ್ಕಿನ್ಸ್ ಏನನ್ನೂ ಮುಚ್ಚಿಡಲಿಲ್ಲ. "ಇದನ್ನ ಒಪ್ಪಿದರೆ ಇಡೀ ಅಂಗಡಿ ಉಳಿಯುತ್ತೆ. ಒಪ್ಪದಿದ್ದರೆ ಬಟ್ಟೆ, ಬೂಟು ಎರಡೂ ವಿಭಾಗ ಮುಚ್ಚಬೇಕು. ಹ್ಯಾಟೊಂದೇ ಉಳಿಯೋದು, ಅದೂ ಉಳಿದರೆ. ನಿಮ್ಮ ಕೈಯ ಕೆಲಸ, ನೀವೇ ಹೇಳಿ."

ರಾಕ್ಸಾನಾ ಹೆಣಿಗೆಯಿಂದ ತಲೆಯೆತ್ತಲಿಲ್ಲ. "ನಾವು ಬಿಡ್ಸಿದ ಸಿಂಪಿ ನ್ಯೂಯಾರ್ಕಿನವರೆಗೂ ಹೋಗ್ತದೆ. ಡಬ್ಬಿ ಮೇಲೆ ಕಂಪನಿ ಹೆಸರು. ಸರಿ, ಸಿಂಪಿ ಸಮುದ್ರದ್ದು, ನಮ್ದಲ್ಲ. ಇದು ನಮ್ದು."

"ಬೂಟಿನ ವಿಭಾಗದಲ್ಲಿ ನನ್ನ ತಂಗಿ ಕೆಲಸಕ್ಕಿದಾಳೆ" ಎಂದಳು ಇಡಾ ಮೆಲ್ಲಗೆ. ಸೂಜಿಗೆ ದಾರ ಪೋಣಿಸಿದಳು. ಆಮೇಲೆ ಅವಳೇ, "ಅವಳು ಬಂದು ಹೆಣಿಗೆ ಕಲೀಲಿ" ಎಂದಳು.

ನನ್ನನ್ನು ಕೇಳಿದರು. ಪ್ಯಾರಿಸ್ಸಿನ ಚೀಟಿ ಹೊತ್ತ ನನ್ನ ಹ್ಯಾಟುಗಳನ್ನು ಇಷ್ಟು ವರ್ಷ ಹೆಮ್ಮೆಯಿಂದ ನೋಡಿದವಳು ನಾನು. "ಚೀಟಿ ನಮ್ಮದೇ ಇರಲಿ" ಎಂದೆ. ಬೇರೆ ಮಾತು ಬಾಯಿಗೆ ಬರಲೇ ಇಲ್ಲ.

ನಮ್ಮದೇ ಚೀಟಿ ಎನ್ನುವವರು ಕೈಯೆತ್ತಿ ಎಂದಾಗ ಒಂದೂ ಕೈ ಕೆಳಗಿರಲಿಲ್ಲ. ಮಿಸೆಸ್ ಗ್ಯಾಸ್ಕಿನ್ಸ್ ಕೆಳಗಿಳಿದು ಹೋಗಿ, ಕಾಯುತ್ತಿದ್ದ ಮಿಸೆಸ್ ಹಾರ್ಟ್‌ವೆಲ್ ಅವರಿಗೆ, "ಮತ್ತೆ ಬನ್ನಿ" ಎಂದರು.

ಏಪ್ರಿಲ್ 29

ಬೂಟಿನ ಕಪಾಟುಗಳನ್ನು ಇವತ್ತು ಹೊತ್ತುಕೊಂಡು ಹೋದರು. ಬಟ್ಟೆಯ ಕಪಾಟುಗಳು ನಾಳೆ. ಅಂಗಡಿ ಬಿಕೋ ಎನ್ನುತ್ತಿದೆ. ಉಳಿದ ಮೂಲೆಯಲ್ಲಿ ನಾವು.

ಚೀಟಿಯಲ್ಲಿ ಏನು ಬರೆಸಬೇಕೆಂದು ಚರ್ಚೆ. ಸಂಘದ ಹೆಸರು ಎಂದರು ಕೆಲವರು, ನನ್ನ ಹೆಸರು ಎಂದರು ಕೆಲವರು. ಯಾರು ಹೆಣೆದರೋ ಅವರ ಹೆಸರು ಎಂದೆ. ಮುದ್ರಣದವನು ಇಷ್ಟೊಂದು ಹೆಸರಾ ಎಂದು ಗೊಣಗಿದ.

ದೊಡ್ಡಮ್ಮನಿಗೆ ಓದು ಬಾರದು. "ಕೆಜಾಯ ಫೆರಿಬಿ ಅಂತ ಹಾಕಿಸ್ತೀನಿ" ಎಂದೆ.

"ಮಿಸೆಸ್ ಇರ್ಲಿ ಮುಂದೆ."

"ಸರಿ."

"ನಿಮ್ಮ ದೊಡ್ಡಪ್ಪ ನನ್ನ ಮದುವೆಯಾಗಿ, ದೋಣಿ ನಡೆಸಿ, ಸತ್ತೂ ಹೋದ. ಬಿಳಿಯೋರ ಬಾಯಲ್ಲಿ ನಾನು ಕೆಜಾಯನೋ, ಏ ಮುದುಕಿಯೋ. ಜಾಗ ಸಾಲ್ದಿದ್ರೆ ಕೆಜಾಯ ಬಿಡು. ಮಿಸೆಸ್ ಬಿಡ್ಬೇಡ."

ಜಾಗ ಸಾಲುತ್ತದೆ ಎಂದೆ.

ಮೇ 8, ಶನಿವಾರ

ಇವತ್ತು ಗ್ರಾನ್‌ಬಿ ಕಡೆಯ ಒಬ್ಬ ಬಿಳಿ ಹೆಂಗಸು ತಾನಾಗಿಯೇ ನಮ್ಮ ಅಂಗಡಿಗೆ ಬಂದಳು. ಈಸ್ಟರ್ ದಿನ ನಮ್ಮನ್ನು ಬೀದಿಯಲ್ಲಿ ನೋಡಿದ್ದಳಂತೆ. ಅಡುಗೆಯವಳನ್ನು ಕಳಿಸಿ ತರಿಸೋಣವೆಂದರೆ ಅಳತೆ ತಪ್ಪಬಹುದೆಂದು ತಾನೇ ಬಂದೆ ಎಂದಳು. ಒಂದೊಂದನ್ನೇ ನೋಡಿದಳು. ಕನ್ನಡಿಯ ಮುಂದೆ ರಾಕ್ಸಾನಾಳ ಸರದಿ ಮುಗಿಯುವವರೆಗೆ ಕಾಯಬೇಕಾಯಿತು, ಕಾದಳು. ಕೊನೆಗೆ ಆರಿಸಿದ್ದು ದೊಡ್ಡಮ್ಮ ಹೋದ ವಾರ ಮುಗಿಸಿದ್ದನ್ನು. ಹೆಣಿಗೆ ಎಷ್ಟು ಸಣ್ಣದೆಂದರೆ ಬೆರಳಿಗೆ ಗೀಟೇ ಸಿಗುವುದಿಲ್ಲ.

ಹ್ಯಾಟನ್ನು ತಿರುಗಿಸಿ ಒಳಗಿನ ಚೀಟಿಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು:

"ಮಿಸೆಸ್ ಕೆಜಾಯ ಫೆರಿಬಿ. ಚರ್ಚ್ ಬೀದಿ, ನಾರ್ಫೋಕ್. ಯಾರಿವರು?"

ದೊಡ್ಡಮ್ಮ ಕಿಟಕಿಯ ಬಳಿ ಜಡೆ ಹೆಣೆಯುತ್ತಿದ್ದಳು. ಕೈ ನಿಲ್ಲಿಸದೆ, "ನಾನೇ" ಎಂದಳು.

ಆ ಹೆಂಗಸಿನ ಕೆನ್ನೆ ಕೆಂಪಾಯಿತು. ಹ್ಯಾಟನ್ನು ಕೆಳಗಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ, ಹ್ಯಾಟು ಅಷ್ಟು ಚೆನ್ನಾಗಿತ್ತು. ತಲೆಗಿಟ್ಟು, ಪಿನ್ನು ಚುಚ್ಚಿಕೊಂಡು, ಹಣ ಕೊಟ್ಟು, ದೊಡ್ಡಮ್ಮನ ಹೆಸರನ್ನು ನೆತ್ತಿಯ ಮೇಲೆ ಹೊತ್ತುಕೊಂಡು ಬಿಸಿಲಿಗಿಳಿದಳು.

ಊಟಕ್ಕೆ ಸೊಪ್ಪು, ಜೋಳದ ರೊಟ್ಟಿ, ಏಡಿ. ದೊಡ್ಡಮ್ಮ ತಟ್ಟೆಯ ಮುಂದೆ ಕೂತವಳು ತಿನ್ನಲಿಲ್ಲ.

"ಅವಳು ಏನಂತ ಓದಿದ್ಲು?"

"ಮಿಸೆಸ್ ಕೆಜಾಯ ಫೆರಿಬಿ."

"ಅವಳು ಓದಿದಂಗೆ ಹೇಳು. ಅವಳ ಬಾಯಲ್ಲಿ ಬಂದಂಗೆ."

ಬೆನ್ನು ನೆಟ್ಟಗೆ ಮಾಡಿ, ಗ್ರಾನ್‌ಬಿ ಬೀದಿಯ ಹೆಂಗಸಿನ ದನಿಯಲ್ಲಿ ಹೇಳಿದೆ.

"ಇನ್ನೊಂದ್ಸಲ" ಎಂದಳು, ರೊಟ್ಟಿ ಮುರಿಯುತ್ತ.